ಮನೆಯಂಗಳದಲ್ಲೇ ನಿಂತ ಕಾರಿಗೆ 80 ಪೌಂಡ್ ದಂಡ

ಬ್ರಿಟನ್ನಿನ ಮನೆಯಲ್ಲಿ ಕಾರು ನಿಲ್ಲಿಸಿ ಊರಿಗೆ ಹೋಗಿದ್ದಕ್ಕೆ ದಂಡ ಯಾಕೆ, ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ಹೋಗುವಾಗ ರೋಡ್ ಟ್ಯಾಕ್ಸ್‌ನ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ತಾನಾಗಿ ಹೋಗುವ ಕಂತು) ನಿಲ್ಲಿಸಿದ್ದೀರಿ, ಸಾರ್ನ್ ಮಾಡಿಲ್ಲ, ಅಂದರೆ ಕಾರು ರಸ್ತೆಗಿಳಿಯಲ್ಲ ಅಂತ ಸರ್ಕಾರಕ್ಕೆ ತಿಳಿಸಿಲ್ಲ. ಕಾರು ಡ್ರೈವ್‌ವೇ ಬಿಟ್ಟು ಕದಲದಿದ್ದರೂ ಅಲ್ಲಿನ ವಾಹನ ಇಲಾಖೆಯಾದ ಡಿವಿಎಲ್‌ಎ ದಂಡ ಹಾಕಿರುವುದು ಬಹುಶಃ ಅದಕ್ಕೇ. ನಾನೂ ಹೀಗೇ ಮಾಡಿ ಕಟ್ಟಿದ್ದೇನೆ.

ಮೊದಲು ಇವತ್ತೇ ಆನ್‌ಲೈನ್‌ನಲ್ಲಿ ಸಾರ್ನ್ ಮಾಡಿ, ಪುಕ್ಕಟೆ. ಲಾಗ್‌ಬುಕ್‌ನಲ್ಲಿರೋ 11 ಅಂಕಿಯ ನಂಬರ್ ಹಾಕಿ, ತಕ್ಷಣ ಜಾರಿಯಾಗುತ್ತೆ. ಟ್ಯಾಕ್ಸ್ ನೆನಪಿಸುವ ಕಾಗದದ 16 ಅಂಕಿ ಹಾಕಿದರೆ ಮುಂದಿನ ತಿಂಗಳ 1ರಿಂದ, ಸುಮ್ನೆ ತಡ. ಹಿಂದಿನ ತಾರೀಕಿಗಂತೂ ಆಗಲ್ಲ.

ಆಮೇಲೆ ದಂಡ. 33 ದಿನದೊಳಗೆ ಕಟ್ಟಿದರೆ 40 ಪೌಂಡ್ ಅಷ್ಟೇ. ದಂಡ ಮನ್ನಾ ಮಾಡಿ ಅಂತ ಕಾಗದ ಬರೆದು ಕೇಳಬಹುದು, ಆದರೆ "ಊರಲ್ಲಿದ್ದೆ" ಅಂದರೆ ಬಿಡೋದು ಅನುಮಾನ. ಕೇಳುತ್ತಾ ಕೂತು ಆ 33 ದಿನ ಕಳ್ಕೋಬೇಡಿ.

ಇನ್ಶೂರೆನ್ಸ್ ಕೂಡ ನಿಲ್ಲಿಸಿದ್ದೀರಾ? ಸಾರ್ನ್ ಇಲ್ಲದಿದ್ದರೆ ಅದಕ್ಕೆ ಬೇರೆಯೇ 100 ಪೌಂಡ್ ದಂಡ ಬೀಳಬಹುದು. ಸಾರ್ನ್ ಆದ ಮೇಲೆ ಕಾರನ್ನು ಮನೆ ಮುಂದಿನ ರಸ್ತೆಯಲ್ಲೂ ನಿಲ್ಲಿಸಬೇಡಿ.