ಅಪ್ರೈಸರ್ ಬರುವ ಮುನ್ನ ಬೇಸ್‌ಮೆಂಟಿನ ಕಿಟಕಿಯನ್ನು ಅಳೆಯಿರಿ

ನ್ಯೂ ಜೆರ್ಸಿಯ ಎಡಿಸನ್ನಿನ ಮನೆಯನ್ನು ಮಾರಿ ಡಲ್ಲಾಸಿಗೆ ಹೋಗಬೇಕಾಗಿದೆ, ಕೊಳ್ಳುವವರ ಬ್ಯಾಂಕಿನ ಪರವಾಗಿ ಮನೆಯ ಬೆಲೆ ಕಟ್ಟುವ ಅಪ್ರೈಸರ್ ಮುಂದಿನ ಗುರುವಾರ ಬರುತ್ತಾರೆ, ಅಡುಗೆಮನೆಯನ್ನು ಹೊಸದು ಮಾಡಿಸಬೇಕೇ, ದೇವರಮನೆಯನ್ನು ತೆಗೆದಿಡಬೇಕೇ, ಅವರು ಬಂದಾಗ ನಾವು ಮನೆಯಲ್ಲಿರಬೇಕೇ ಎಂದು ಕೇಳಿದ್ದೀರಿ. ಪತ್ರದ ಕೊನೆಯಲ್ಲಿ, ಅಷ್ಟೇನೂ ದೊಡ್ಡ ವಿಷಯವಲ್ಲವೆಂಬಂತೆ, ಕಳೆದ ವರ್ಷ ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಕಟ್ಟಿಸಿದ್ದೇವೆ, ದಾವಣಗೆರೆಯಿಂದ ಬಂದಿರುವ ಅತ್ತೆ ಮಾವ ಅಲ್ಲಿಯೇ ಮಲಗುತ್ತಾರೆ, ಅದನ್ನು ಐದನೆಯ ಬೆಡ್‌ರೂಮ್ ಎಂದು ತೋರಿಸಬಹುದೇ ಎಂದೂ ಬರೆದಿದ್ದೀರಿ. ಉಳಿದ ಪ್ರಶ್ನೆಗಳಿಗೆ ಚಿಕ್ಕದಾಗಿ ಉತ್ತರಿಸಿ ನಾನು ಆ ಕೋಣೆಗೇ ಬರುತ್ತೇನೆ.

ಅಡುಗೆಮನೆಗೆ ಈಗ ಹಣ ಸುರಿಯಬೇಡಿ. ಅಪ್ರೈಸರ್ ಬೆಲೆ ಕಟ್ಟುವುದು ಮುಖ್ಯವಾಗಿ ನಿಮ್ಮ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ, ನಿಮ್ಮ ಮನೆಯನ್ನೇ ಹೋಲುವ ಕನಿಷ್ಠ ಮೂರು ಮನೆಗಳ ಬೆಲೆಯ ಜೊತೆ ಹೋಲಿಸಿ. ವಾರದೊಳಗೆ ಹಾಕಿಸಿದ ಗ್ರಾನೈಟ್ ಕಲ್ಲಿನ ಖರ್ಚು ಆ ಲೆಕ್ಕದಲ್ಲಿ ಪೂರ್ತಿ ಮರಳುವುದಿಲ್ಲ. ಅದರ ಬದಲು ಒಲೆಯ ಮೇಲಿನ ಚಿಮಣಿಗೂ ಗೋಡೆಗೂ ಅಂಟಿರುವ ಒಗ್ಗರಣೆಯ ಜಿಡ್ಡನ್ನು ತಿಕ್ಕಿ ತೊಳೆಯಿರಿ, ದೀಪದ ಮಸಿ ಹಿಡಿದ ಚಾವಣಿಗೆ ಬಣ್ಣ ಬಳಿಸಿ, ಮೆಟ್ಟಿಲಿನ ಸಡಿಲ ಕೈಹಿಡಿಯ ಕಂಬಿಯನ್ನು ಬಿಗಿ ಮಾಡಿಸಿ. ನೀರು ಸೋರಿದ ಕಲೆ ಇದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಿ, ಆಮೇಲೆ ಬಣ್ಣ ಹಚ್ಚಿ. ಮನೆಯ ಸ್ಥಿತಿಯನ್ನು ಅವರು ಸಿ1ರಿಂದ ಸಿ6ರವರೆಗಿನ ಶ್ರೇಣಿಯಲ್ಲಿ ಗುರುತಿಸುತ್ತಾರೆ, ಸಿ1 ಎಲ್ಲಕ್ಕಿಂತ ಮೇಲಿನದು. ರಿಪೇರಿಯಾಗದೆ ಉಳಿದ ಕೆಲಸಗಳು ಮನೆಯನ್ನು ಕೆಳಗಿನ ಶ್ರೇಣಿಗೆ ತಳ್ಳುತ್ತವೆ. ಮನೆ 1978ಕ್ಕಿಂತ ಹಳೆಯದಾಗಿದ್ದು ಕೊಳ್ಳುವವರು ಸರ್ಕಾರದ ವಿಮೆಯಿರುವ ಎಫ್‌ಎಚ್‌ಎ ಸಾಲ ಪಡೆಯುತ್ತಿದ್ದರೆ, ಸುಲಿದ ಬಣ್ಣವೂ ಅದರಲ್ಲಿರಬಹುದಾದ ವಿಷಕಾರಿ ಸೀಸದ ಭಯದಿಂದಾಗಿ ಸಾಲಕ್ಕೆ ಅಡ್ಡಿಯಾಗುತ್ತದೆ.

ಮನೆಯಲ್ಲಿರಿ, ಆದರೆ ಅವರ ಬೆನ್ನ ಹಿಂದೆಯೇ ಸುತ್ತಬೇಡಿ. ಎಲ್ಲ ಬಾಗಿಲುಗಳೂ ತೆರೆದಿರಲಿ. ಚಾವಣಿಯ ರಿಪೇರಿ, ಹೊಸ ಬಾಯ್ಲರ್ ಮುಂತಾದವನ್ನು ಮಾಡಿಸಿದ ವರ್ಷ, ಖರ್ಚು, ಪರ್ಮಿಟ್ (ಕಟ್ಟಡ ಕೆಲಸದ ಅನುಮತಿ) ಸಂಖ್ಯೆಗಳ ಸಹಿತ ಒಂದು ಹಾಳೆಯಲ್ಲಿ ಬರೆದುಕೊಡಿ. ಬೆಲೆ ಇಷ್ಟಾಗಬೇಕೆಂದು ಮಾತ್ರ ಬಾಯಿ ಬಿಡಬೇಡಿ.

ದೇವರಮನೆಯನ್ನು ತೆಗೆಯಬೇಡಿ. ಫೋಟೊ ತೆಗೆಸುವಾಗ ಏಜೆಂಟರು ಮರೆಮಾಡಿರೆಂದರೆ ಅದು ಗಿರಾಕಿಗಳ ಕಣ್ಣಿಗಾಗಿ ಹೇಳುವ ಮಾತು. ಅಪ್ರೈಸರ್ ಧರ್ಮವನ್ನಾಗಲಿ ಮೂಲ ದೇಶವನ್ನಾಗಲಿ ನೋಡಿ ಬೆಲೆ ಕಟ್ಟಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ. ನಾನು ನನ್ನ ಮನೆಯನ್ನು ಮಾರಿದ ದಿನದವರೆಗೂ ಬಾಗಿಲಿನ ತೋರಣ ಹಾಗೆಯೇ ಇತ್ತು, ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಈಗ ಆ ಕೋಣೆಯ ಮಾತು. 1998ರ ಜನವರಿಯಲ್ಲಿ ನಾನು ನೂಅರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದು, ಐಸೆಲಿನ್ನಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಮೊದಲ ಬಾರಿ ಸಾರಿಗೆ ಒಗ್ಗರಣೆ ಹಾಕಿದಾಗ ಚಾವಣಿಯ ಹೊಗೆ ಸೂಚಕ ಕೂಗಿಕೊಂಡಿತು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ನಾಚಿಕೆಯಿಂದ ಅದರ ಬ್ಯಾಟರಿಯನ್ನೇ ಕಿತ್ತಿಟ್ಟೆ. ಈ ದೇಶದ ನಿಯಮಗಳೆಲ್ಲ ನಮ್ಮಂಥವರನ್ನು ಕಾಡುವುದಕ್ಕೇ ಇವೆಯೆಂಬ ಭಾವನೆ ಅಂದು ಮನಸ್ಸಿನಲ್ಲಿ ಕೂತದ್ದು ಬಹಳ ವರ್ಷ ಏಳಲಿಲ್ಲ.

2007ರಲ್ಲಿ ಸಾಗರದಿಂದ ಅಪ್ಪಯ್ಯ ಬರುವವರಿದ್ದರು. ಮಂಡಿನೋವಿನ ಅವರಿಗೆ ಮಹಡಿ ಹತ್ತುವುದು ಕಷ್ಟ, ಕೆಳಗೆ ಐದೇ ಮೆಟ್ಟಿಲು ಎಂದುಕೊಂಡು, ಟಿಕೆಟ್ಟಿನ ದಿನಕ್ಕೆ ಆರು ವಾರವಿರುವಾಗ ಬೇಸ್‌ಮೆಂಟಿನಲ್ಲಿ ಅವರಿಗಾಗಿ ಕೋಣೆ ಕಟ್ಟಿಸಲು ಹೊರಟೆ. ಪರ್ಮಿಟ್ ಎಂದರೆ ನಕ್ಷೆ, ಶುಲ್ಕ, ಕಟ್ಟಡಕ್ಕೊಬ್ಬ, ವಿದ್ಯುತ್ತಿಗೊಬ್ಬ ಇನ್‌ಸ್ಪೆಕ್ಟರ್. ಅಷ್ಟು ಸಮಯವಿಲ್ಲವೆಂದು ಪರಿಚಯದವರು ಹೇಳಿದ ಕೆಲಸಗಾರನಿಂದ ಸದ್ದಿಲ್ಲದೆ ಮಾಡಿಸಿದೆ. ಕೋಣೆ ಚೆನ್ನಾಗಿಯೇ ಆಯಿತು. ಅಪ್ಪಯ್ಯ ಒಳಗೆ ಬಂದು, ಗೋಡೆಯನ್ನು ತಟ್ಟಿ ನೋಡಿ, "ಇದಕ್ಕೆ ಹಿತ್ತಿಲ ಬಾಗಿಲಿಲ್ಲವೇನೋ?" ಎಂದರು. ನಮ್ಮೂರಿನ ಮನೆಗಳನ್ನು ಬಲ್ಲ ನಿಮಗೆ ಆ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಹಾಗೆಲ್ಲ ಇರುವುದಿಲ್ಲ ಅಪ್ಪಯ್ಯ ಎಂದುಬಿಟ್ಟೆ. ಚಾವಣಿಗೆ ಅಂಟಿಕೊಂಡಂತೆ ಒಂದೂಕಾಲು ಅಡಿಯ ಕಿಟಕಿಯೊಂದಿತ್ತು. ಎರಡು ಬೇಸಿಗೆಗಳಲ್ಲಿ ಒಟ್ಟು ಹತ್ತು ತಿಂಗಳು ಅವರು ಅಲ್ಲಿ ಮಲಗಿದರು.

2016ರಲ್ಲಿ ಮನೆ ಮಾರುವಾಗ ನಾನೂ ನಿಮ್ಮಂತೆಯೇ ಅದನ್ನು ಇನ್ನೊಂದು ಬೆಡ್‌ರೂಮ್ ಎಂದು ತೋರಿಸಿದೆ. ಟೌನ್‌ಶಿಪ್ಪಿನ, ಅಂದರೆ ಊರಿನ ಸ್ಥಳೀಯ ಆಡಳಿತದ, ದಾಖಲೆಯಲ್ಲಿ ಅಂಥ ಕೋಣೆಯೇ ಇರಲಿಲ್ಲ. ಅಪ್ರೈಸರ್ ಅದಕ್ಕೆ ಬೆಲೆ ಕಟ್ಟದೆ, ಪರ್ಮಿಟ್ ಕಂಡುಬಂದಿಲ್ಲವೆಂದು ವರದಿಯಲ್ಲಿ ಬರೆದರು. ಒಪ್ಪಿದ ದರಕ್ಕಿಂತ ಅಪ್ರೈಸಲ್ 18,000 ಡಾಲರ್ ಕಡಿಮೆ ಬಂತು. ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆಯೇ ಬ್ಯಾಂಕು ಸಾಲ ಕೊಡುವುದರಿಂದ ನಾನು ದರ ಇಳಿಸಬೇಕಾಯಿತು. ತಡವಾಗಿ ಪರ್ಮಿಟ್ಟಿಗೆ ಅರ್ಜಿ ಹಾಕಿದಾಗ, ಒಳಗಿನ ವೈರಿಂಗ್ ಕಾಣುವಂತೆ ಗೋಡೆಯ ಹಲಗೆಯನ್ನು ಬಿಚ್ಚಿರೆಂದರು. ಅಪ್ಪಯ್ಯನ ಮಂಚದ ತಲೆಯ ಬದಿಯಲ್ಲಿ, ಗೋಡೆಯೊಳಗೆ, ಜಂಕ್ಷನ್ ಬಾಕ್ಸ್ ಕೂಡ ಇಲ್ಲದೆ ಬರೀ ಟೇಪು ಸುತ್ತಿ ಜೋಡಿಸಿದ ತಂತಿಗಳಿದ್ದವು, ಟೇಪು ಬಿಸಿಗೆ ಕಪ್ಪಾಗಿ ಮುರುಟಿತ್ತು. ಇನ್‌ಸ್ಪೆಕ್ಟರ್ ಕಿಟಕಿಯನ್ನೂ ತಂತಿಯನ್ನೂ ನೋಡಿ, ಇಲ್ಲಿ ಯಾರು ಮಲಗುತ್ತಿದ್ದರು ಎಂದು ಕೇಳಿದರು. ಅಪ್ಪಯ್ಯ ತೀರಿಕೊಂಡು ಅಷ್ಟರಲ್ಲಿ ಮೂರು ವರ್ಷವಾಗಿತ್ತು; ಊರಿನಲ್ಲಿ, ತಮ್ಮ ಹಾಸಿಗೆಯಲ್ಲಿಯೇ ಹೋದರು. ಆದರೂ ಆ ಪ್ರಶ್ನೆಗೆ ನನಗೆ ಉತ್ತರಿಸಲಾಗಲಿಲ್ಲ. ಕಳೆದುಕೊಂಡ ಹಣದ ನೆನಪು ಮಾಸಿದೆ. ಅವರು ಮೊದಲ ದಿನವೇ ಕಂಡ ಕೊರತೆಯನ್ನು ನಾನು ತಳ್ಳಿಹಾಕಿದ್ದು ಮಾಸಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಅದನ್ನು ಬೆಡ್‌ರೂಮ್ ಎಂದು ತೋರಿಸಬೇಡಿ. ನೆಲಮಟ್ಟಕ್ಕಿಂತ ಕೆಳಗಿರುವ ಭಾಗವನ್ನು, ಎಷ್ಟು ಚೆನ್ನಾಗಿ ಕಟ್ಟಿಸಿದ್ದರೂ, ಮನೆಯ ಮುಖ್ಯ ವಿಸ್ತೀರ್ಣಕ್ಕೆ ಸೇರಿಸದೆ ಬೇರೆಯಾಗಿಯೇ ಬರೆಯುತ್ತಾರೆ; ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ಸಾಲಗಳಿಗೆ 2022ರ ಏಪ್ರಿಲ್‌ನಿಂದ ಅಳತೆಯ ಈ ಕ್ರಮ ಕಡ್ಡಾಯವಾಗಿದೆ. ನಾಳೆಯೇ ಟೌನ್‌ಶಿಪ್ಪಿನ ಕಟ್ಟಡ ವಿಭಾಗಕ್ಕೆ ಹೋಗಿ ನಿಮ್ಮ ಮನೆಯ ಪರ್ಮಿಟ್ ಚರಿತ್ರೆಯನ್ನು ಕೇಳಿ, ನಿಮಗಿಂತ ಹಿಂದಿನ ಮಾಲೀಕರು ಮಾಡಿಸಿದ ಕೆಲಸಗಳದ್ದೂ ಅದರಲ್ಲಿ ಸಿಗುತ್ತದೆ. ಪರ್ಮಿಟ್ ಇಲ್ಲದಿದ್ದರೆ ಮುಚ್ಚಿಡದೆ ಏಜೆಂಟರಿಗೂ ವಕೀಲರಿಗೂ ಹೇಳಿ ಅರ್ಜಿ ಹಾಕಿ. ಹೊಗೆ ಸೂಚಕ, ಕಾರ್ಬನ್ ಮೊನಾಕ್ಸೈಡ್ ಸೂಚಕ, ಅಡುಗೆಮನೆಯ ಬಳಿ ಬೆಂಕಿ ನಂದಿಸುವ ಸಿಲಿಂಡರ್ ಇವುಗಳ ಪ್ರಮಾಣಪತ್ರ ನ್ಯೂ ಜೆರ್ಸಿಯಲ್ಲಿ ಮನೆ ಮಾರುವವರಿಗೆ ಹೇಗೂ ಬೇಕು. ಅದಕ್ಕೂ ಈಗಲೇ ದಿನ ಗೊತ್ತುಮಾಡಿಕೊಳ್ಳಿ.

ಇವೆಲ್ಲಕ್ಕೂ ಮೊದಲು ಅಳತೆಯ ಟೇಪು ಹಿಡಿದು ಕೆಳಗಿಳಿಯಿರಿ. ಮಲಗುವ ಕೋಣೆಯ ಕಿಟಕಿ ತೆರೆದಾಗ ಕನಿಷ್ಠ 20 ಅಂಗುಲ ಅಗಲ, 24 ಅಂಗುಲ ಎತ್ತರ, ಅಷ್ಟೇ ಸಾಲದು, ಒಟ್ಟು ಕನಿಷ್ಠ 5.7 ಚದರ ಅಡಿ ಜಾಗ ಬಿಡಬೇಕು, ಅದರ ಕೆಳ ಅಂಚು ನೆಲದಿಂದ 44 ಅಂಗುಲಕ್ಕಿಂತ ಮೇಲಿರಬಾರದು ಎಂಬುದು ಇಲ್ಲಿನ ಕಟ್ಟಡ ಸಂಹಿತೆಯ ಸಾಮಾನ್ಯ ಅಳತೆ. ಹೊಗೆ ತುಂಬಿದ ಕೋಣೆಯಿಂದ ಒಬ್ಬರು ಹೊರಬರಲು, ಬೆನ್ನಿಗೆ ಸಿಲಿಂಡರ್ ಹೊತ್ತ ಅಗ್ನಿಶಾಮಕ ದಳದವರು ಒಳಬರಲು ಬೇಕಾದಷ್ಟೇ ಜಾಗ ಅದು. ನಿಮ್ಮ ಕಿಟಕಿ ಅಷ್ಟಿಲ್ಲದೆ, ಹೊರಗೆ ನೇರವಾಗಿ ತೆರೆಯುವ ಬಾಗಿಲೂ ಇಲ್ಲದಿದ್ದರೆ, ಗುರುವಾರದವರೆಗೆ ಕಾಯಬೇಡಿ. ಅತ್ತೆ ಮಾವನವರ ಹಾಸಿಗೆಯನ್ನು ಇಂದು ರಾತ್ರಿಯೇ ಮೇಲಕ್ಕೆ ತನ್ನಿ. ಹಜಾರದಲ್ಲಿ ಹಾಸಿಕೊಟ್ಟರೂ ಅವರು ಬೇಸರಪಡುವುದಿಲ್ಲ.