ಸೂಪರ್ ಮಾರ್ಕೆಟ್‌ನವರು ಕಾರ್ಡ್ ಮಾಡಿಸಿ ಅನ್ನುತ್ತಾರೆ, ಮಾಡಿಸಲಾ?

ಹಾಸನದಿಂದ ಕೇರಳದ ಕುಂಬಳೆಗೆ ಬಂದು ಎರಡು ತಿಂಗಳಾಯಿತು, ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ಪ್ರತಿ ಸಲ ಕಾರ್ಡ್ ಮಾಡಿಸಿ ಅಂತ ಹಿಂದೆ ಬೀಳುತ್ತಾರೆ, ಬೇರೆ ಕಡೆ ಕಡಿಮೆ ಇದ್ದರೆ ನಾವೂ ಅದೇ ಕ್ರಯಕ್ಕೆ ಕೊಡುತ್ತೇವೆ ಅಂತ ಬೋರ್ಡೂ ಹಾಕಿದ್ದಾರೆ, ಇದನ್ನೆಲ್ಲ ನಂಬಬಹುದಾ ಅಂತ ಕೇಳಿದ್ದೀರಿ. ನಾನು ಬದಿಯಡ್ಕದವಳು. ಮದುವೆಗೆ ಮೊದಲು ಎರಡು ವರ್ಷ ಇಂಥದ್ದೇ ಒಂದು ಅಂಗಡಿಯಲ್ಲಿ ಬಿಲ್ ಹೊಡೆಯುತ್ತಿದ್ದೆ. ಈಗ ಕೌಂಟರಿನ ಈಚೆ ನಿಂತು ದುಡ್ಡು ಕೊಡುತ್ತೇನೆ. ಹಾಗಾಗಿ ಎರಡೂ ಕಡೆಯದು ಸ್ವಲ್ಪ ಗೊತ್ತು.

ಕಾರ್ಡ್ ಮಾಡಿಸಿ, ತಪ್ಪೇನಿಲ್ಲ. ಆದರೆ ಅದಕ್ಕೋಸ್ಕರ ದೂರದ ಅಂಗಡಿಗೆ ಹೋಗಬೇಡಿ. ನನ್ನ ಕಾರ್ಡಿನ ಲೆಕ್ಕ ಹೇಳುತ್ತೇನೆ. 100 ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 50 ಪೈಸೆ. ತಿಂಗಳಿಗೆ 4000 ರೂಪಾಯಿಯ ಸಾಮಾನು ತಂದರೆ 40 ಪಾಯಿಂಟ್, ಅಂದರೆ 20 ರೂಪಾಯಿ. ಕೇರಳದಲ್ಲಿ ಬಸ್ಸಿನ ಮಿನಿಮಮ್ ಚಾರ್ಜು 2022ರಿಂದ 10 ರೂಪಾಯಿ. ಹೋಗಿ ಬರಲು 20. ತಿಂಗಳ ಪಾಯಿಂಟ್ ಒಂದೇ ಸಲದ ಬಸ್ಸಿಗೆ ಸರಿಹೋಯಿತು.

ಅದೂ ಪಾಯಿಂಟ್ ಕೈಗೆ ಸಿಕ್ಕಿದರೆ. ಇಷ್ಟು ಪಾಯಿಂಟ್ ಆದ ಮೇಲೆ ಮಾತ್ರ ಬಳಸಬಹುದು, ಇಂಥ ತಾರೀಕಿನ ಒಳಗೆ ಬಳಸಬೇಕು ಅಂತೆಲ್ಲ ಷರತ್ತು ಇರುತ್ತದೆ. ನಾನು ಕೌಂಟರಿನಲ್ಲಿದ್ದಾಗ ಒಬ್ಬರು ಅಜ್ಜ ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ಏಪ್ರಿಲ್‌ನಲ್ಲಿ ಕಾರ್ಡ್ ಕೊಟ್ಟು "ಇದರಲ್ಲಿ ಎಷ್ಟುಂಟು ಮಗಾ?" ಅಂತ ಕೇಳಿದರು. ಸೊನ್ನೆ ಇತ್ತು. ಮಾರ್ಚ್ ಕೊನೆಗೆ ಎಲ್ಲ ಅಳಿಸಿಹೋಗಿತ್ತು. ಹೇಳಿದೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ಬರೆದಿದೆಯಾ?" ಬರೆದಿತ್ತು, ಮಲಯಾಳದಲ್ಲಿ, ಇರುವೆ ಸಾಲಿನ ಹಾಗೆ. ಅವರು ಕನ್ನಡ ಶಾಲೆಯಲ್ಲಿ ಓದಿದವರು, ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮ ಕಡೆ ಹಳಬರಲ್ಲಿ ಅಂಥವರು ಜಾಸ್ತಿ. ಕಾರ್ಡನ್ನು ಮತ್ತೆ ಜೋಪಾನವಾಗಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದರು. ನಿಮಗೂ ಮಲಯಾಳ ಓದಲು ಬಾರದಿದ್ದರೆ ಷರತ್ತನ್ನು ಒಮ್ಮೆ ಓದಿ ಹೇಳಿಸಿಕೊಳ್ಳಿ. ನಾಚಿಕೆ ಬೇಡ.

ಪಾಯಿಂಟ್ ಬೇರೆ, ಕಾರ್ಡ್ ಇದ್ದವರಿಗೆ ಮಾತ್ರ ಕಡಿಮೆ ಕ್ರಯ ಅನ್ನುವುದು ಬೇರೆ. ಎರಡನೆಯದರಲ್ಲಿ ಅಲ್ಲೇ ಬಿಲ್ಲಿನಲ್ಲಿ ದುಡ್ಡು ಇಳಿಯುತ್ತದೆ, ಅದು ಒಳ್ಳೆಯದೇ. ಇಂಗ್ಲೆಂಡಿನ ಟೆಸ್ಕೋ ಅನ್ನುವ ಸೂಪರ್ ಮಾರ್ಕೆಟ್ 1995ರಲ್ಲಿ ಪಾಯಿಂಟ್ ಕಾರ್ಡ್ ಶುರು ಮಾಡಿ, 2019ರಿಂದ ಕಾರ್ಡಿನವರಿಗೇ ಬೇರೆ ಕ್ರಯ ಇಟ್ಟಿತು. ಇದು ಕಣ್ಣಿಗೆ ಮಣ್ಣೆರಚುವ ಕೆಲಸವಾ ಅಂತ ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಅಲ್ಲಿನ ಸರಕಾರದ ಸಂಸ್ಥೆ ಬೇರೆ ಬೇರೆ ಸೂಪರ್ ಮಾರ್ಕೆಟ್‌ಗಳ ಕಾರ್ಡ್ ಕ್ರಯ ತೆಗೆದು 2024ರಲ್ಲಿ ಪರೀಕ್ಷೆ ಮಾಡಿತು. ನೂರಕ್ಕೆ ಸುಮಾರು 92 ಸಾಮಾನಿನಲ್ಲಿ ಮಾಮೂಲಿ ಕ್ರಯಕ್ಕಿಂತ ನಿಜಕ್ಕೂ ಕಡಿಮೆ ಇತ್ತು. ಆದರೆ ಬೇರೆ ಅಂಗಡಿಯಲ್ಲಿ ಅದಕ್ಕಿಂತಲೂ ಕಡಿಮೆಗೆ ಸಿಗಬಹುದು ಅಂತಲೂ ಅವರೇ ಹೇಳಿದರು.

ನಮ್ಮಲ್ಲಿ ಇನ್ನೊಂದು ಆಟ ಇದೆ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಮಾತ್ರ. ಅದು ಮಾಮೂಲಿ ಕ್ರಯ ಅಲ್ಲ. 140 ಅಂತ ಅಚ್ಚು ಹಾಕಿದ ಪ್ಯಾಕೆಟನ್ನು ಎಲ್ಲರೂ 110ಕ್ಕೆ ಕೊಡುತ್ತಿರುವಾಗ, ಕಾರ್ಡಿಗೆ 30 ರೂಪಾಯಿ ಕಡಿಮೆ ಅಂದರೆ ನಿಮಗೆ ಸಿಕ್ಕಿದ್ದು ಏನೂ ಇಲ್ಲ ಅಲ್ವಾ? ಮನೆಗೆ ಪ್ರತಿ ತಿಂಗಳು ಬೇಕಾಗುವ ಹತ್ತು ಸಾಮಾನಿನ ಕ್ರಯ ಬಾಯಿಪಾಠ ಇದ್ದರೆ ಸಾಕು, ಯಾವ ಬೋರ್ಡೂ ನಿಮ್ಮನ್ನು ಏಮಾರಿಸಲು ಆಗುವುದಿಲ್ಲ. ಯಾರಾದರೂ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಇನ್ನು "ಅದೇ ಕ್ರಯಕ್ಕೆ ಕೊಡುತ್ತೇವೆ" ಅನ್ನುವ ಬೋರ್ಡು. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತಲ್ಲ, ಆಗ ನಾನು ಇದನ್ನು ಪರೀಕ್ಷೆ ಮಾಡಿದೆ. ಒಂದು ಅಂಗಡಿಯಲ್ಲಿ 18 ರೂಪಾಯಿ ಕಡಿಮೆ ಇತ್ತು. ಆ ಬಿಲ್ ಹಿಡಿದುಕೊಂಡು ಬೋರ್ಡು ಹಾಕಿದ ಅಂಗಡಿಗೆ ಹೋದೆ. ಬಿಲ್ ಇವತ್ತಿನದ್ದೇ ಆಗಬೇಕು ಅಂದರು. ಇವತ್ತಿನದ್ದೇ. ಅದೇ ಕಂಪನಿಯದ್ದಾ? ಹೌದು. ಅಷ್ಟೇ ಅಳತೆಯದ್ದಾ? ಹೌದು. ಕೊನೆಗೆ, "ಅಕ್ಕಾ, ಅದು ಪ್ಯಾಕೆಟ್, ನಮ್ಮದು ಬಾಟಲಿ." ಅಲ್ಲಿಗೆ ಮುಗಿಯಿತು. ಒಪ್ಪಿದ್ದರೂ 18 ರೂಪಾಯಿ ಪಾಯಿಂಟಾಗಿ ಬರುತ್ತಿತ್ತಂತೆ, ದುಡ್ಡಾಗಿ ಅಲ್ಲ. ನಗು ಬಂತು. ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ಆ ಕುರ್ಚಿಯಲ್ಲಿ ನಾನೂ ಕೂತವಳೇ.

ಹೊರದೇಶದ ಕೆಲವು ಅಂಗಡಿಗಳಲ್ಲಿ ಇದು ಬಾಯಿ ಮಾತಲ್ಲ, ಅಂಗಡಿಯವರೇ ಬರೆದಿಟ್ಟ ನಿಯಮ. ಲಂಡನ್ನಿನ ಜಾನ್ ಲೂಯಿಸ್ ಅನ್ನುವ ದೊಡ್ಡ ಅಂಗಡಿ 1925ರಿಂದ ಇಂಥ ಮಾತು ಕೊಟ್ಟುಕೊಂಡು ಬಂತು, 2022ರಲ್ಲಿ ನಿಲ್ಲಿಸಿತು, 2024ರಲ್ಲಿ ಮತ್ತೆ ತಂದಿತು. ಆದರೆ ಇಂಥ ಬೋರ್ಡಿನಿಂದ ಕ್ರಯ ಇಳಿಯಲೇಬೇಕು ಅಂತಿಲ್ಲ. ಎದುರು ಬದುರು ಎರಡು ಅಂಗಡಿ ಇದೆ ಅಂದುಕೊಳ್ಳಿ. ತಾನು ಎಷ್ಟು ಇಳಿಸಿದರೂ ಆಚೆಯವನು ಅಷ್ಟೇ ಇಳಿಸುತ್ತಾನೆ, ಗಿರಾಕಿ ಅಲ್ಲೇ ಉಳಿಯುತ್ತಾನೆ ಅಂತ ಗೊತ್ತಿದ್ದರೆ ಈಚೆಯವನು ಯಾಕೆ ಇಳಿಸುತ್ತಾನೆ? ಸುಮ್ನೆ ಇರುತ್ತಾನೆ.

ಎಣ್ಣೆ ವಿಷಯ ಬಂದಾಗ ಒಂದು ಮಾತು. ಮಿಲ್ಲಿನಲ್ಲಿ ಕಿಲೋ ಲೆಕ್ಕ, ಪ್ಯಾಕೆಟಿನಲ್ಲಿ ಲೀಟರ್ ಲೆಕ್ಕ. ಒಂದು ಲೀಟರ್ ತೆಂಗಿನೆಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪ್ಯಾಕೆಟ್ 380, ಮಿಲ್ಲಿನಲ್ಲಿ ಕಿಲೋಗೆ 400 ಅಂದರೆ ಪ್ಯಾಕೆಟೇ ಕಡಿಮೆ ಅನ್ನಿಸುತ್ತದೆ. ಭಾಗಿಸಿ ನೋಡಿ, ಪ್ಯಾಕೆಟಿನದ್ದು ಕಿಲೋಗೆ 418 ಬೀಳುತ್ತದೆ.

ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೆ ಎಲ್ಲ ಕಡಿಮೆ ಅಂತ ಇಲ್ಲಿ ಕೆಲವರು ಹೇಳುತ್ತಾರೆ. ತೆರಿಗೆಯಿಂದಾಗಿ ಅಂದರೆ ಅದು ಹಳೇ ಮಾತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಸೋಪಿಗೂ ಮಿಕ್ಸಿಗೂ ಎರಡೂ ಕಡೆ ಒಂದೇ ತೆರಿಗೆ. ಪೆಟ್ರೋಲ್ ಜಿಎಸ್‌ಟಿಗೆ ಸೇರಿಲ್ಲ, ಅದು ಮಾತ್ರ ಆಚೆ ಕಡಿಮೆ. ಆ ಕಡೆ ಹೇಗೂ ಹೋಗುವುದಿದ್ದರೆ ಬೈಕಿಗೆ ಅಲ್ಲೇ ತುಂಬಿಸಿಕೊಂಡು ಬನ್ನಿ.

ಅಂಗಡಿಯ ಕಾರ್ಡಿಗಿಂತ ಇಲ್ಲಿನ ರೇಷನ್ ಕಾರ್ಡೇ ಮೇಲು ಅನ್ನುತ್ತೇನೆ ನಾನು. ಕೇರಳ ಸರಕಾರದ ಸಪ್ಲೈಕೋ ಸಂಸ್ಥೆ ನಡೆಸುವ ಮಾವೇಲಿ ಸ್ಟೋರಿನಲ್ಲಿ ರೇಷನ್ ಕಾರ್ಡ್ ತೋರಿಸಿದರೆ 13 ಸಾಮಾನು ಸಬ್ಸಿಡಿಗೆ ಸಿಗುತ್ತದೆ. ಅಕ್ಕಿ, ಸಕ್ಕರೆ, ಹೆಸರು, ಉದ್ದು, ಕಡಲೆ, ತೊಗರಿಬೇಳೆ, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಎಲ್ಲ ಅದರಲ್ಲಿ ಇದೆ. 2024ರಲ್ಲಿ ಈ ಸಬ್ಸಿಡಿಯನ್ನು ಪೇಟೆ ಕ್ರಯದ 35 ಶೇಕಡಾ ಅಂತ ನಿಗದಿ ಮಾಡಿದರು, ಮೊದಲು ಇದಕ್ಕಿಂತ ಜಾಸ್ತಿ ಇತ್ತು. ಆದರೂ ನೂರಕ್ಕೆ 35 ಎಲ್ಲಿ, ನೂರಕ್ಕೆ ಎಂಟಾಣೆ ಎಲ್ಲಿ! ಇಲ್ಲೇ ತುಂಬ ವರ್ಷ ಇರುವುದಾದರೆ ರೇಷನ್ ಕಾರ್ಡಿನ ಕೆಲಸ ಮೊದಲು ನೋಡಿ.

ಕಾರ್ಡ್ ಬೇಡ ಅಂದರೂ ಕೆಲವು ಕಡೆ ಮೊಬೈಲ್ ನಂಬರ್ ಕೊಡದೆ ಬಿಲ್ ಹೊಡೆಯುವುದಿಲ್ಲ ಅನ್ನುತ್ತಾರೆ. ಕೊಡಲೇಬೇಕು ಅಂತಿಲ್ಲ. ಹಾಗೆ ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇಯಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನಗುತ್ತಲೇ "ನಂಬರ್ ಇಲ್ಲದೆ ಹೊಡೆಯಿರಿ" ಅನ್ನಿ, ಹೊಡೆಯುತ್ತಾರೆ.

ಓಣಕ್ಕೆ ಫ್ರಿಜ್ ತೆಗೆದುಕೊಳ್ಳುವ ಯೋಚನೆ ಇದೆ ಅಂತಲೂ ಬರೆದಿದ್ದೀರಿ. ಅದರಲ್ಲಿ ಮಾತ್ರ ಬೇರೆ ಕಡೆಯ ಕ್ರಯ ತೋರಿಸಿ ಕೇಳುವುದು ಕೆಲಸಕ್ಕೆ ಬರುತ್ತದೆ. ಯಾಕೆಂದರೆ ಅಲ್ಲಿ ಬೋರ್ಡು ಮಾತಾಡುವುದಿಲ್ಲ, ಮಾಲೀಕರು ಮಾತಾಡುತ್ತಾರೆ. ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಹೋಗಿ. ಆನ್‌ಲೈನಿಗೂ ಶೋರೂಮಿಗೂ ಕೊನೆಯ ಒಂದೆರಡು ಅಕ್ಷರ ಬೇರೆ ಮಾಡಿ ಬಿಟ್ಟಿದ್ದರೆ "ಇದು ಆ ಮಾಡೆಲ್ ಅಲ್ಲ" ಅಂತ ಜಾರಿಕೊಳ್ಳುತ್ತಾರೆ. ಮಾಲೀಕರು ಕ್ರಯ ಇಳಿಸದಿದ್ದರೆ ಸ್ಟೆಬಿಲೈಸರ್ ಕೇಳಿ, ಮನೆಗೆ ತಲುಪಿಸುವ ಬಾಡಿಗೆ ಬಿಡಿ ಅನ್ನಿ. ನಮ್ಮ ಫ್ರಿಜ್ಜಿಗೆ ಸ್ಟೆಬಿಲೈಸರ್ ಹಾಗೇ ಬಂದದ್ದು.