ಅಪ್ಪನಿಗೆ ಬೇಜಾರಲ್ಲ, ಸುಸ್ತು

ಕಿವಿಗೆ ಮಷಿನ್ ಹಾಕಿಸಿದ ಮೇಲೂ ಎಲ್ಲರೂ ಸೇರಿದಾಗ ಅಪ್ಪ ಎದ್ದು ಕೋಣೆಗೆ ಹೋಗಿಬಿಡುತ್ತಾರೆ, ನಮ್ಮ ಮೇಲೆ ಸಿಟ್ಟಾ ಅಂತ ಕೇಳಿದ್ದೀರಿ. ಸಿಟ್ಟಿಗಿಂತ ಸುಸ್ತೇ ಜಾಸ್ತಿ ಇರಬಹುದು ಅನ್ನಿಸುತ್ತದೆ.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕೇಳಿಸದೆ ಹೋಗುವುದು ಕೀಚಲು ಸದ್ದುಗಳು. ಸ, ತ, ಕ ಇಂಥ ಅಕ್ಷರಗಳನ್ನು ಗುರುತು ಹಿಡಿಯುವುದೂ ಹೆಚ್ಚಾಗಿ ಆ ಕೀಚಲು ಸದ್ದಿನಿಂದಲೇ. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. 'ಸರಿ' ಅಂದರೋ 'ಕರಿ' ಅಂದರೋ ಅಂತ ಊಹಿಸುವಷ್ಟರಲ್ಲಿ ಮಾತು ಇನ್ನೆಲ್ಲೋ ಹೋಗಿರುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರಂತೂ ಮುಗೀತು. ಮಷಿನ್ ಪಾತ್ರೆ ಸದ್ದು, ಟಿವಿ ಸದ್ದನ್ನೂ ಜೋರು ಮಾಡುತ್ತದೆ. ಇದನ್ನೆಲ್ಲ ಗಂಟೆಗಟ್ಟಲೆ ಸಹಿಸುವುದು ಸುಲಭ ಅಲ್ಲ.

ದಯವಿಟ್ಟು ಕಿರುಚಬೇಡಿ. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ, ಮುಖ ಬೈಯುವ ಹಾಗೆ ಕಾಣುತ್ತದೆ. ಟಿವಿ ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರು ಕೂತುಕೊಳ್ಳಿ. 'ಅಪ್ಪಾ, ಮದುವೆ ವಿಷಯ' ಅಂತ ಮೊದಲೇ ಹೇಳಿದರೆ ಊಹೆ ಅರ್ಧ ಸುಲಭ. ತಿಳಿಯದಿದ್ದರೆ ಅದನ್ನೇ ಬೇರೆ ಪದಗಳಲ್ಲಿ ಹೇಳಿ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಎಲ್ಲರೂ ನಕ್ಕಾಗ ಅವರು 'ಏನು?' ಅಂದರೆ 'ಏನಿಲ್ಲ, ಆಮೇಲೆ ಹೇಳ್ತೀನಿ' ಅನ್ನಬೇಡಿ. ಆ ಆಮೇಲೆ ಬರುವುದೇ ಇಲ್ಲ, ಅಲ್ವಾ? ಆಗಲೇ ಹೇಳಿ, ಅವರೂ ನಗಲಿ.

ಮಷಿನ್ ಒಮ್ಮೆ ಹಾಕಿಸಿದರೆ ಮುಗಿಯಲಿಲ್ಲ. ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ತಜ್ಞರು) ಹತ್ತಿರ ಕರೆದುಕೊಂಡು ಹೋಗಿ, ಎಲ್ಲಿ ಯಾವಾಗ ಕಷ್ಟ ಆಗುತ್ತದೆ ಅಂತ ಅಪ್ಪನೇ ಹೇಳಲಿ. ಅದಕ್ಕೆ ತಕ್ಕಂತೆ ಸೆಟ್ಟಿಂಗ್ ಬದಲಿಸಿ ಕೊಡುತ್ತಾರೆ.